ಗುರುಪಾದಸ್ವಾಮಿಯ ಓಂ ಲೆಕ್ಕ

ಧನಗೆರೆಯ ಗುರುಪಾದಸ್ವಾಮಿ ಕೊಳ್ಳೇಗಾಲದಲ್ಲಿ ಕರೆಂಟು ರಿಪೇರಿ ಅಂಗಡಿ ಇಟ್ಟದ್ದು ಅರವತ್ತೆರಡನೇ ಇಸವಿಯಲ್ಲಿ. ಮೈಸೂರಿನ ಯಾವುದೋ ರಿಪೇರಿ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಟೀ ತಂದುಕೊಟ್ಟು, ಬರುವಾಗ ಒಂದು ಆಂಪಿಯರ್ ಮೀಟರನ್ನೂ ನಾಲ್ಕು ಮಾತನ್ನೂ ಹೊತ್ತು ತಂದಿದ್ದ. ವೋಲ್ಟು, ಆಂಪಿಯರು, ವಾಟು, ಓಂ. ಅಷ್ಟಕ್ಕೇ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಲೆಕ್ಕ ಬರುತ್ತಿತ್ತು, ಸುಳ್ಳು ಹೇಳಬಾರದು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟು, ಭಾಗಿಸಿದರೆ ಓಂ. ಗಿಳಿ ಹಾಗೆ ಒಪ್ಪಿಸುತ್ತಿದ್ದ. ಆದರೆ ಆ ಓಂ ಶಿವನ ಓಂಕಾರವೇ ಎಂದು ತಿಳಿದಿದ್ದ. ಕರೆಂಟಿನೊಳಗೆ ದೇವರು ಎಷ್ಟಿದ್ದಾನೆ ಅಂತ ತೋರಿಸುವ ಲೆಕ್ಕವಂತೆ! ಆ ಮಾತು ಬಾಯಿಗೆ ಬಂದಾಗಲೆಲ್ಲ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ನಮ್ಮದು ನೇಯುವ ಮನೆ. ಸಾಹುಕಾರರು ಮದುವೆ ಸೀರೆಗೆ ಹಸಿ ರೇಷ್ಮೆ ಕೊಟ್ಟಿದ್ದರು. ಅದು ಕೆಟ್ಟರೆ ಮತ್ತೆ ನೂಲು ಕೊಡುವುದಿಲ್ಲ, ನಮ್ಮ ಮಗ್ಗ ನಿಂತ ಹಾಗೆ. ಹಸಿ ನೂಲಿನ ಅಂಟು ಹೋಗಲು ಸೋಪಿನ ನೀರಲ್ಲಿ ಬೇಯಿಸಬೇಕು, ನೀರು ಕೊತಕೊತ ಕುದಿಯಬಾರದು. ಸೌದೆಯ ಹೊಗೆ ಹಿಡಿಯುತ್ತದೆಂದು ನಮ್ಮ ಯಜಮಾನರು ಕರೆಂಟ್ ಒಲೆ ತಂದಿದ್ದರು. ಅದರ ಸುರುಳಿ ತಂತಿ ಕಿತ್ತುಹೋಯಿತು. ಗುರುಪಾದಸ್ವಾಮಿಯನ್ನು ಕರೆಸಿದೆವು.

ಅವನು ಅರ್ಧ ತಂತಿ ಕಿತ್ತೆಸೆದು, ಉಳಿದರ್ಧವನ್ನು ಎಳೆದು ಸಿಕ್ಕಿಸಿದ. ಮೀಟರು ಹತ್ತು ತೋರಿಸಿತು. ಒಲೆಯ ತಗಡಿನ ಮೇಲೆ ಐದು ಆಂಪಿಯರ್ ಅಂತ ಬರೆದಿತ್ತು. ಅಷ್ಟರಲ್ಲಿ ಫ್ಯೂಸು ಪಟ್ಟೆಂದಿತು.

“ಇನ್ನೂರ ಮೂವತ್ತನ್ನ ಹತ್ತರಿಂದ ಭಾಗಿಸಿದ್ರೆ ಇಪ್ಪತ್ತಮೂರು. ಮೊದ್ಲು ನಲವತ್ತಾರಿತ್ತು. ಓಂ ಅರ್ಧಕ್ಕೆ ಇಳ್ದದೆ ಕಣಮ್ಮಾ, ಅದುಕ್ಕೇ ಫ್ಯೂಸು ಓಯ್ತು!”

ನಮ್ಮತ್ತೆ ಚಿಕ್ಕತಾಯಮ್ಮ, “ಈಗೇನ್ಮಾಡದು ಸಾಮೇರೆ?” ಅಂದರು.

“ಕಮ್ಮಿ ಬಿದ್ದದ್ದ ನಾವು ತುಂಬುದ್ರಾಯ್ತು.”

ವಿಭೂತಿ ನೆನೆಸಿ ಸ್ವಿಚ್ಚಿನ ಹಲಗೆಯ ಮೇಲೆ ಇಪ್ಪತ್ತಮೂರು ಓಂ ಬರೆದ. ಒಂದೊಂದೇ ಎಣಿಸಿ ಬರೆದ, ಪುಣ್ಯಾತ್ಮ. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ. “ವಾಟು ಎರಡ್ರಷ್ಟಾಯ್ತದೆ, ನಿಮ್ಗೇ ಲಾಭ,” ಅಂತ ಹೇಳಿ ಕಾಫಿ ಕುಡಿದು ಹೋದ.

ಲಾಭವೇ ಬಂತು. ಒಲೆ ಹಚ್ಚಿ ನೂಲು ಇಳಿಬಿಟ್ಟ ಸ್ವಲ್ಪ ಹೊತ್ತಿಗೆ ನೀರು ಉಕ್ಕಿ ಕುದಿಯಿತು. ಆರಿಸೋಣವೆಂದರೆ ಸ್ವಿಚ್ಚು ಕರಗಿ ಅಂಟಿಕೊಂಡಿದೆ, ವೈರಿನ ರಬ್ಬರು ಗೋಡೆ ಮೇಲೆ ಸುರಿಯುತ್ತಿದೆ. ಯಜಮಾನರು ಕೋಲಿನಿಂದ ಮೇನ್ ಸ್ವಿಚ್ಚು ಇಳಿಸಿದರು. ಆ ಹೊತ್ತಿಗೆ ರೇಷ್ಮೆ ಜುಂಗು ಜುಂಗಾಗಿ ಗಂಟು ಬಿದ್ದಿತ್ತು.

ಲೈನ್‌ಮನ್ ಸಿದ್ದಮಲ್ಲಪ್ಪ ನೋಡಿ ಹೇಳಿದ. ಓಂ ಅಂದರೆ ಕರೆಂಟಿಗೆ ಇರುವ ತಡೆಯಂತೆ. ತಂತಿ ಅರ್ಧವಾದರೆ ತಡೆ ಅರ್ಧ, ಕರೆಂಟು ಎರಡರಷ್ಟು ನುಗ್ಗುತ್ತದೆ, ಕಾವೂ ಎರಡರಷ್ಟು. ದಪ್ಪ ತಂತಿ ಸುತ್ತಿದ್ದರಿಂದ ಫ್ಯೂಸೂ ಹೋಗಲಿಲ್ಲವಂತೆ. ಗುರುಪಾದಸ್ವಾಮಿಯ ಲೆಕ್ಕವೂ ಅದನ್ನೇ ಹೇಳಿತ್ತು. ಕೇಳಿಸಿಕೊಳ್ಳುವ ಕಿವಿ ಅವನಿಗಿರಲಿಲ್ಲ.

ಸುದ್ದಿ ಕೇಳಿ ಬಂದ ಗುರುಪಾದಸ್ವಾಮಿ ಗೋಡೆ ನೋಡಿ, “ಓಂ ಬರ್ದಿದ್ದುಕ್ಕೆ ಮನೆ ಉಳ್ಕಂತು,” ಅಂದ.

“ಉಳ್ಕಂತು ಸಾಮೇರೆ,” ಅಂದರು ನಮ್ಮತ್ತೆ. “ಆ ಮೀಟ್ರ ತಕಂಡು ಓಗಿ, ನಿಮ್ತಲೆಗೆ ಇಟ್ ನೋಡ್ಕಳಿ. ಮುಳ್ಳು ಏನಾರ ಅಳ್ಳಾಡಿದ್ರೆ ನಮ್ಗೂ ಏಳಿ.”

ಸಾಹುಕಾರರು ನೂಲು ನಿಲ್ಲಿಸಿದರು. ಯಜಮಾನರು ನಮ್ಮ ಬೀದಿಯ ದೇವಣ್ಣನ ಮಗ್ಗಕ್ಕೆ ಕೂಲಿಗೆ ಹೋದರು. ಗುರುಪಾದಸ್ವಾಮಿ ಅಂಗಡಿಯನ್ನು ಹನೂರಿಗೆ ಸಾಗಿಸಿದ. ಅಲ್ಲಿ ಅವನಿಗೆ ಎಂಜಿನಿಯರ್ ಸ್ವಾಮಿ ಅಂತ ಹೆಸರಾಯಿತು, ಸಾಯುವ ತನಕ ಹಾಗೇ ಕರೆಸಿಕೊಂಡ.

ಮಗಳ ಮದುವೆಗೆ ಸೀರೆ ನೇಯಿಸಲು ಒಂದು ಸಲ ದೇವಣ್ಣನ ಮನೆಗೆ ಬಂದನಂತೆ. ಮಗ್ಗದಲ್ಲಿ ಕೂತಿದ್ದ ಯಜಮಾನರ ಗುರುತು ಹಿಡಿಯಲಿಲ್ಲ. ನೇಯ್ದ ಸೆರಗು ಮುಟ್ಟಿ, “ಕೈ ಚೆನ್ನಾಗದೆ ಕಣಪ್ಪ. ಇಷ್ಟು ಬಂದೂ ಕೂಲಿಗ್ಯಾಕೆ ಬಂದೀಯೆ? ನಿಂದೇ ಒಂದು ಮಗ್ಗ ಆಕ್ಕಬಾರ್ದಾ?” ಅಂದನಂತೆ.

ಯಜಮಾನರು ತಲೆ ಎತ್ತದೆ ಲಾಳಿ ಎಸೆದರಂತೆ.