ಲೆನೋರಾ ಮುಚ್ಚಿಟ್ಟ ಪುಟ್ಟ ಕಾರು

ಕಾರೆಂದರೆ ದೊಡ್ಡದಿರಬೇಕು ಎಂಬ ವಿಷಯದಲ್ಲಿ ಅಮೆರಿಕದ ವಯೋಮಿಂಗ್ ಬಯಲಿನ ಜನರಿಗೆ ಎರಡು ಮಾತಿರಲಿಲ್ಲ. ಅಂಥ ಊರಿನಲ್ಲಿ, ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಲೆನೋರಾ ಹ್ಯಾಸ್ಕಿನ್ಸ್, ಪೆಟ್ರೋಲಿನ ಬೆಲೆ ಗಗನಕ್ಕೇರಿದ ವರ್ಷ, ಗಂಡನ ದೊಡ್ಡ ಕಾರನ್ನು ಮಾರಿ ಹಳದಿ ಬಣ್ಣದ ಪುಟ್ಟ ಕಾರೊಂದನ್ನು ತಂದಳು. ಊರು ನಕ್ಕಿತು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಗಂಡ ಮರ್ಲ್ ದನದ ಲಾರಿ ಓಡಿಸುತ್ತಿದ್ದವನು. ಲಾರಿ ಮಗುಚಿ ಬೆನ್ನುಮೂಳೆ ಮುರಿದ ಮೇಲೆ ಇನ್ನೂರು ಮೈಲಿ ದೂರದ ಷೈಯೆನ್ ನಗರದ ಆಸ್ಪತ್ರೆಯಲ್ಲಿದ್ದ. ಪ್ರತಿ ಭಾನುವಾರ ಅವನನ್ನು ನೋಡಬೇಕೆಂದರೆ ಆ ದೊಡ್ಡ ಕಾರಿನ ಹೊಟ್ಟೆ ತುಂಬಿಸುವುದು ಅವಳಿಂದಾಗದ ಮಾತು. ಆದರೆ ಅದು ಮರ್ಲ್‌ನ ಪ್ರಾಣ. ಮಾರಿದ್ದು ತಿಳಿದರೆ ಎದ್ದು ನಡೆಯುವ ಆಸೆಯನ್ನೇ ಬಿಟ್ಟಾನೆಂದು ಅವಳಿಗೆ ಭಯ. "ಕಾರು ಹೇಗಿದೆ?" ಎಂದು ಅವನು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದು ಮಾತು ತೇಲಿಸುತ್ತಿದ್ದಳು.

ಪುಟ್ಟ ಕಾರೇನೂ ಸಾಧುವಲ್ಲ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಸಾಕು, ಗಾಳಿಗೆ ರಸ್ತೆಯಂಚಿಗೆ ಸರಿಯುತ್ತಿತ್ತು. ಭಾನುವಾರವೆಲ್ಲ ಸ್ಟೀರಿಂಗ್ ಬಿಗಿಹಿಡಿದ ಬೆರಳುಗಳು ಸೋಮವಾರ ಸೌಟು ಹಿಡಿಯಲು ತಕರಾರು ಮಾಡುತ್ತಿದ್ದವು.

ಹಿಮ ಬೀಳತೊಡಗಿದರೆ ಅಲ್ಲಿಯವರು ಕಾರಿನ ಡಿಕ್ಕಿಗೆ ಮರಳಿನ ಚೀಲ ಹಾಕುತ್ತಾರೆ, ಹಿಂದಿನ ಚಕ್ರ ಜಾರದಿರಲೆಂದು. ಆ ವರ್ಷ ಲೆನೋರಾಳ ತಮ್ಮ ವರ್ನ್ ಬಂದು ಹಿಡಿಸಿದಷ್ಟೂ ತುರುಕಿದ.

"ಅಕ್ಕ, ಇದೇನು ಕಾರೋ ಬೆಂಕಿಪೊಟ್ಟಣಾನೋ? ಒಂದು ಸೀನು ಸೀನಿದ್ರೆ ಪಕ್ಕದ ನೆಬ್ರಾಸ್ಕಾಗೆ ಹೋಗಿ ಬೀಳುತ್ತೆ."

"ಹಂಗಾದ್ರೆ ಆ ಕಡೆ ತಿರುಗ್ಕೊಂಡು ಸೀನು, ಹೋಗು."

ಮುಂದಿನ ಭಾನುವಾರ, ಹಿಮ ಹೆಪ್ಪುಗಟ್ಟಿದ ತಿರುವಿನಲ್ಲಿ ಅವಳು ಸ್ಟೀರಿಂಗ್ ತಿರುಗಿಸಿದಳು, ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ ಬೇಲಿಗೆ ಮೂತಿ ತೂರಿಸಿ ನಿಂತಿತು. ಸರಪಳಿ ಕಟ್ಟಿ ಕಾರನ್ನು ಹೊರಗೆಳೆದುಕೊಟ್ಟ ದನಗಾರನೊಬ್ಬ, "ಈ ದಾರಿಗೆ ಇಂಥ ಕಾರು ಸರಿಹೋಗಲ್ಲಮ್ಮ" ಎಂದ. ಲೆನೋರಾಳಿಗೂ ಹಾಗೇ ಅನಿಸಿತು.

ಆಸ್ಪತ್ರೆ ಸೇರಿದವಳೇ, ಕೋಟು ಕೂಡ ಬಿಚ್ಚದೆ, "ತಿರುವಲ್ಲಿ ಕಾರು ತಿರುಗ್ಲೇ ಇಲ್ಲ. ಹಿಮ ಕರಗೋವರ್ಗೂ ನಾನು ಬರಕ್ಕಾಗಲ್ಲ ಮರ್ಲ್" ಎಂದಳು.

ಅವನು ಕೇಳಿದ: "ಡಿಕ್ಕೀಲಿ ಮರಳು ಹಾಕಿದ್ದೀಯಾ?"

"ಹೂಂ. ಯಾವಾಗ್ಲೂ ಹಾಕ್ತಿದ್ವಲ್ಲ."

"ಅಯ್ಯೋ ಪೆದ್ದಿ, ಅದು ಹಳೇ ಕಾರಿಗೆ. ಇದನ್ನ ಎಳೆಯೋದು ಮುಂದಿನ ಚಕ್ರ ಕಣೇ. ಹಿಂದೆ ಭಾರ ಹೇರಿದ್ರೆ ಮುಂದೆ ಹಿಡಿತಾನೇ ಇರಲ್ಲ. ಮೊದ್ಲು ಅದನ್ನ ಇಳಿಸು."

ತಲೆಯಾಡಿಸಿದ ಲೆನೋರಾ ಅರೆಗಳಿಗೆಯಲ್ಲಿ ಬೆಚ್ಚಿದಳು. "ಇದು ಅಂದ್ರೆ... ಯಾವುದು?"

"ಆ ಹಳದೀದು."

ಅವಳಿಗೆ ಮುಖ ಎತ್ತಲಾಗಲಿಲ್ಲ. "ಯಾವಾಗ ಗೊತ್ತಾಯ್ತು?"

"ಬೇಸಿಗೇಲೇ. ಭಾನುವಾರ ಬಂತು ಅಂದ್ರೆ ನರ್ಸಮ್ಮನ ಕಾಡಿ ಬೇಡಿ ಕುರ್ಚೀಲಿ ಕೂತು ಕಿಟಕಿ ಹತ್ರ ತಳ್ಳಿಸ್ಕೊಂಡು ಹೋಗ್ತೀನಿ. ನೀನು ಬರೋ ರಸ್ತೆ ಅಲ್ಲಿಂದ ಕಾಣುತ್ತೆ."

"ಮತ್ತೆ ಯಾಕೆ ಬೈಲಿಲ್ಲ?"

ಮರ್ಲ್ ಹೊದಿಕೆಯ ಅಂಚನ್ನು ಎಳೆದುಕೊಂಡ. "ಬೈದ್ರೆ, ಕೋಪ ಮಾಡ್ಕೊಂಡು ನೀನು ಬರೋದು ಬಿಟ್ಬಿಟ್ರೆ?"