ನಂಜುಂಡನೋ ಹನುಮಂತನೋ

ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಹಿಡಿದು ಹುಡುಗರ ಹೆಸರು ಕೂಗಿ ಸಂಬಳ ತೆಗೆದುಕೊಂಡವನು ನಾನು. ಅಂಥವನಿಗೆ ಒಂದು ಕೂಸಿಗೆ ಹೆಸರು ಆರಿಸಲು ಬರಲಿಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ಆರಿಸಲು ಇದ್ದದ್ದಾದರೂ ಎರಡೇ ಹೆಸರು.

ಕೂಸು ನನ್ನ ಮಗಳು ಭವ್ಯಳದು. ಬಾಣಂತನಕ್ಕೆ ಹಾಸನದ ಸಾಲಗಾಮೆ ರಸ್ತೆಯ ನಮ್ಮ ಮನೆಗೆ ಬಂದಿದ್ದಳು. ಗಂಡುಮಗುವಾಯಿತು. ಅಂತರ್ಜಾಲದಲ್ಲಿ ಹುಡುಕಿ ಅರ್ಥವೇ ಇಲ್ಲದ ಎರಡಕ್ಷರದ ಹೆಸರೊಂದನ್ನು ತರುತ್ತಾಳೆಂದು ನಾನು ಸಿದ್ಧನಾಗಿದ್ದೆ. ಅವಳು ತಂದದ್ದು ನನ್ನ ಅಪ್ಪನ ಹೆಸರು, ನಂಜುಂಡ. ಹೊಳೆನರಸೀಪುರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಪ್ಪ, ನಾವೆಲ್ಲ ಅಲ್ಲೇ ಇದ್ದಾಗ ಮೊಮ್ಮಗಳನ್ನು ಐದು ವರ್ಷ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದವರು. ಅವರು ತೀರಿಕೊಂಡು ಆರು ವರ್ಷವಾಗಿತ್ತು. "ತಾತನ ಹೆಸರೇ ಇಡೋದು" ಎಂದು ಅವಳು ಆಸ್ಪತ್ರೆಯಲ್ಲೇ ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಅರಕಲಗೂಡಿನಿಂದ ಬೀಗರ ಫೋನು ಬಂತು. ಅಳಿಯ ಮಂಜುನಾಥನ ತಂದೆ ಪುಟ್ಟಸ್ವಾಮಯ್ಯನವರು ಮಾತಿನಲ್ಲಿ ಬಹಳ ಮಿತ. "ನಮ್ಮಪ್ಪುನ್ ಎಸ್ರು ಇಡವ ಮೇಷ್ಟ್ರೇ" ಎಂದರು. ಅವರ ಅಪ್ಪನ ಹೆಸರು ಹನುಮಂತ.

ಅಳಿಯ ಚನ್ನರಾಯಪಟ್ಟಣದಲ್ಲಿ ಲೈನ್‌ಮನ್. ಎರಡು ತಂತಿಯನ್ನು ಒಟ್ಟಿಗೆ ಮುಟ್ಟಬಾರದೆಂದು ಕಲಿತವನು. "ನೀವು ಯಾವ್ದು ಅಂದ್ರೂ ಸರಿ ಮಾವ" ಎಂದು ಕಂಬ ಇಳಿದುಬಿಟ್ಟ. ಎರಡನ್ನೂ ಸೇರಿಸಿಬಿಡಿ ಎಂದು ನನ್ನ ಹೆಂಡತಿ ಸಲಹೆ ಕೊಟ್ಟಳು. ಸೇರಿಸಿದ ಹೆಸರನ್ನು ಯಾರೂ ಪೂರ್ತಿ ಕರೆಯುವುದಿಲ್ಲ. ಬಾಯಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಉಗುಳುತ್ತದೆ. ಯಾವುದನ್ನು ಉಗುಳಬೇಕೆಂಬ ಜಗಳ ಹಾಗೇ ಉಳಿಯುತ್ತದೆ. ಕೊನೆಗೆ ಎರಡು ಮನೆಯವರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು: ಕನ್ನಡ ಮೇಷ್ಟ್ರು ಹೇಳಿದ ಹಾಗೆ.

ಕನ್ನಡ ಮೇಷ್ಟ್ರು ವ್ಯಾಕರಣದ ಮೊರೆಹೋದರು. ನಮ್ಮ ಕಡೆ ಹೆಸರು ಕಾಗದದಲ್ಲಿ ತತ್ಸಮ, ಅಂಗಳದಲ್ಲಿ ತದ್ಭವ. ಶ್ರೀನಿವಾಸ ಹೊಸ್ತಿಲು ದಾಟಿದರೆ ಸೀನ. ವೆಂಕಟೇಶ ಬೀದಿ ತಿರುಗುವಷ್ಟರಲ್ಲಿ ಎಂಕ. ನನ್ನ ಹೆಸರು ಲಕ್ಷ್ಮೀನರಸಿಂಹ. ನಾನು ಹುಟ್ಟಿದ ಹೊಳೆನರಸೀಪುರದ ಬೀದಿಯಲ್ಲಿ ಆ ಹೆಸರು ಕೂಗಿದರೆ ನಾಲ್ಕು ಹುಡುಗರು ತಿರುಗಿ ನೋಡುತ್ತಿದ್ದರು. ಹೀಗಾಗಿ ಒಬ್ಬ ಉದ್ದನರಸನಾದ, ಒಬ್ಬ ಕೆಂಚನರಸನಾದ. ನಾನು ಬಳಪ ಕದ್ದು ತಿನ್ನುತ್ತಿದ್ದುದರಿಂದ ಬಳಪದ ನರಸನಾದೆ. ಮುಂದೆ ಮೇಷ್ಟ್ರಾದಾಗ ಊರಿನವರು ಯಾರೂ ಆಶ್ಚರ್ಯಪಡಲಿಲ್ಲ.

ಆದ್ದರಿಂದ ಇಡುವ ಹೆಸರಿಗಿಂತ ಕರೆಯುವ ಹೆಸರನ್ನು ತೂಗಬೇಕು ಎಂದುಕೊಂಡೆ. ನಂಜುಂಡ ಎಂದರೆ ನಂಜನ್ನು ಉಂಡವನು, ಲೋಕವನ್ನು ಕಾಪಾಡಿದವನು. ಮೊಟಕು ಮಾಡಿ ನಂಜ ಎಂದಿರೋ, ಉಂಡದ್ದು ಬಿದ್ದುಹೋಗಿ ನಂಜು ಮಾತ್ರ ಉಳಿಯುತ್ತದೆ. ಇನ್ನು ಹನುಮಂತ. ನಮ್ಮ ಜಿಲ್ಲೆಯಲ್ಲಿ ಹಕಾರ ಕಪ್ಪುಹಲಗೆಯ ಮೇಲೆ ಮಾತ್ರ ಕಾಣಸಿಗುವ ಅಕ್ಷರ. ಹಾಲು ಆಲಾಗುತ್ತದೆ, ಹೊಲ ಒಲವಾಗುತ್ತದೆ. ಹನುಮಂತ ಅನುಮನಾಗುತ್ತಾನೆ, ಅದನ್ನು ಕೊಂಚ ಎಳೆದು ಇನ್ನೊಂದಕ್ಷರ ಸೇರಿಸಿದರೆ ಅನುಮಾನ. ಅಂತೂ ವ್ಯಾಕರಣ ಮಗಳ ಕಡೆಗೇ ವಾಲಿತು. ವ್ಯಾಕರಣಕ್ಕೂ ಮಗಳೆಂದರೆ ಮೋಹವಿರಬೇಕು. ಬೀಗರಿಗೆ ಮುಖತಃ ತಿಳಿಸಿ ಬರೋಣವೆಂದು ಅರಕಲಗೂಡಿನ ಬಸ್ಸು ಹತ್ತಿದೆ.

ಪುಟ್ಟಸ್ವಾಮಯ್ಯನವರು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ತತ್ಸಮ ತದ್ಭವದಿಂದ ಶುರುಮಾಡಿದೆ. ಅವರು ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

"ನಮ್ಮಪ್ಪ ಊರೋರ ಒಲದಲ್ಲಿ ಕೂಲಿ ಮಾಡ್ದೋನು ಮೇಷ್ಟ್ರೇ. ಸಾಯೋಗಂಟ ಎಲ್ರೂ 'ಲೇ ಅನುಮಾ' ಅಂದ್ರು. ಐಕ್ಳೂ ಅಂದ್ವು. ಮುದುಕ ಆದ್ಮೇಲೆ ಪಿಂಚಣಿ ಕೊಡ್ಸವ ಅಂತ ತಾಲ್ಲೂಕ್ ಆಪೀಸ್ಗೆ ಕರ್ಕೊಂಡೋಗಿದ್ದೆ. ಗುಮಾಸ್ತ ಒಳ್ಳೇನು, ಮರ್ಯಾದಿಯಾಗಿ 'ಅನುಮಂತಯ್ಯನವರು ಬನ್ನಿ' ಅಂತ ಮೂರು ಕಿತ ಕೂಗ್ದ. ನಮ್ಮಪ್ಪ ಏಳ್ನೇ ಇಲ್ಲ. ಪಕ್ಕದಲ್ಲಿ ಕುಂತಿದ್ದೋನ್ನ ತಿವುದು, 'ಯಾರ್ಲಾ ಅದು, ಪಾಪ ಅಷ್ಟೊತ್ತಿಂದ ಕರೀತಾವ್ರೆ, ಓಗ್ಬಾರ್ದಾ' ಅಂದ."

ನಾನು ನಕ್ಕೆ. ಅವರೂ ನಕ್ಕರು. ಆದರೆ ಅವರ ನಗು ಬೇಗ ನಿಂತಿತು.

"ಅವನ ಎಸ್ರು ಅವನ್ಗೇ ಗೊತ್ತಿರ್ನಿಲ್ಲ ಮೇಷ್ಟ್ರೇ. ಆ ಎಸ್ರ ಇಟ್ಕೊಂಡು ಒಂದು ಕೂಸಾದ್ರೂ ಪೂರ್ತಿ ಅನ್ನುಸ್ಕೊಂಡು ಬೆಳೀಲಿ ಅಂತ. ಅಷ್ಟೇಯ."

ಇಷ್ಟನ್ನು ಹೇಳುವಾಗಲೂ ಅವರ ಬಾಯಲ್ಲಿ ಬಂದದ್ದು ಅನುಮಂತಯ್ಯನೇ ಎಂಬುದನ್ನು ಗಮನಿಸಿದೆ. ಮೇಷ್ಟ್ರ ಕಿವಿ, ಸುಮ್ಮನಿರುವುದಿಲ್ಲ. ಬಾಯಿ ಮಾತ್ರ ಸುಮ್ಮನಿತ್ತು. ಮಜ್ಜಿಗೆ ಕುಡಿದು, ಹೇಳಲು ಹೋದದ್ದನ್ನು ಹೇಳದೆ ಹಾಸನಕ್ಕೆ ವಾಪಸಾದೆ.

ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಭವ್ಯ ಕೂಸಿನ ತಲೆ ಸವರುತ್ತ ಕೂತಿದ್ದಳು. ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನನ್ನ ಅವ್ವ ಮೊದಲು ಮಾತಾಡಿದಳು.

"ಅವ್ರ ಎಸ್ರೇ ಇಡು ಕೂಸೇ. ನಿಮ್ಮ ತಾತನ ಎಸ್ರು ಇಟ್ರೆ ನಾನು ಕೂಸ್ನ ಏನಂತ ಕರೀಲಿ?"

ಆಗ ಹೊಳೆಯಿತು. ಅವ್ವ ಅಪ್ಪನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಅವಳ ಕಾಲದ ಹೆಂಗಸರ ಪದ್ಧತಿ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. 'ಇವ್ರು', 'ನಿಮ್ಮಪ್ಪ', ಸಿಟ್ಟು ಬಂದರೆ 'ಆ ಸೈಕಲ್ಲು'. ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದರೆ ನನ್ನನ್ನು ಕೂಗುತ್ತಿದ್ದಳು. ಅಪ್ಪ ಹೋದ ಮೇಲೂ ನಾಲಿಗೆ ಏಳಲಿಲ್ಲ.

ಭವ್ಯ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, "ಆಯ್ತಪ್ಪ, ಹನುಮಂತ ಅಂತಲೇ ಇಡಿ. ಆದರೆ ಎರಡು ಷರತ್ತು. ಯಾರೂ ಮೊಟಕು ಮಾಡಬಾರದು. ಕಿವಿಯಲ್ಲಿ ಹೆಸರು ಹೇಳೋದು ಅಜ್ಜಿ" ಎಂದಳು.

ನಾಮಕರಣ ಅರಕಲಗೂಡಿನಲ್ಲಿ ನಡೆಯಿತು. ಅವ್ವನನ್ನು ತೊಟ್ಟಿಲ ಹತ್ತಿರ ಕರೆದಾಗ ನೆಂಟರಲ್ಲಿ ಒಬ್ಬಾಕೆ, "ತಾಳಿ ಇಲ್ದೋರು ಕಿವೀಲಿ ಎಸ್ರು ಏಳ್ತಾರಾ?" ಎಂದು ಗೊಣಗಿದಳು. ಅವ್ವ ಹೆಜ್ಜೆ ಹಿಂದಿಟ್ಟಳು. ಭವ್ಯ ಬಾಯಿ ತೆರೆಯುವ ಮೊದಲೇ ಪುಟ್ಟಸ್ವಾಮಯ್ಯನವರು ಎದ್ದುನಿಂತರು.

"ಈ ಮನೇಲಿ ಅವ್ರೇ ಇರೀಕ್ರು ಕಣವ್ವ. ಅವ್ರೇ ಏಳ್ಬೇಕು" ಎಂದರು. ಆಮೇಲೆ ಅವ್ವನ ಕಡೆ ತಿರುಗಿ, "ಬನ್ನಿ ದೊಡ್ಡವ್ವಾರೇ" ಎಂದರು.

ಅವ್ವ ಬಾಗಿದಳು. ಕೂಸಿನ ಕಿವಿಗೆ ಸೆರಗು ಮರೆಮಾಡಿ ಹೆಸರು ಹೇಳಿದಳು. ಮೂರು ಸಲ ಹೇಳುವ ಪದ್ಧತಿ; ಅದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು. ಬೀಗರು ಎಲ್ಲರಿಗೂ ಕೇಳುವಂತೆ "ಹನುಮಂತ!" ಎಂದು ಕೂಗಿದರು. ಹಕಾರ ಎಷ್ಟು ಗಟ್ಟಿಯಾಗಿ ಬಂತೆಂದರೆ ಕೂಸು ಬೆಚ್ಚಿಬಿತ್ತು. ವಾರದಿಂದ ಅಭ್ಯಾಸ ಮಾಡಿದ್ದರಂತೆ. ಕಲಿತ ಅಕ್ಷರ ಆಮೇಲೆ ಅವರ ಹಿಡಿತದಲ್ಲಿ ಉಳಿಯಲಿಲ್ಲ. "ಹೆಲ್ರೂ ಹೂಟಕ್ಕೆ ಹೇಳಿ!" ಎಂದು ಅವರು ಸಂಭ್ರಮದಿಂದ ಕೂಗಿದಾಗ ಅಳಿಯ ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಸಂಜೆ ಹಾಸನಕ್ಕೆ ಮರಳುವ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಕೂತಿದ್ದಳು. "ಅಷ್ಟೊತ್ತು ಏನು ಹೇಳ್ತಿದ್ದೆ ಕಿವೀಲಿ?" ಎಂದು ಕೇಳಿದೆ.

"ಮೂರು ಕಿತ ಕೂಸಿನ ಎಸ್ರು ಏಳ್ದೆ" ಎಂದಳು. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಾಕನೇ ಕಿತ ನಿಮ್ಮಪ್ಪುಂದು ಏಳ್ದೆ. ಕೂಸಿಗಲ್ಲ ಕಣ್ಲಾ. ನಂಗೇ ಒಂದು ಕಿತ ಅಂದ್ನೋಡವ ಅನ್ನಿಸ್ತು. ಕೂಸು ಯಾರ್ಗೂ ಏಳಾಕಿಲ್ವಲ್ಲ."

"ಏನನ್ನಿಸ್ತವ್ವಾ?"

ಅವ್ವ ಕಿಟಕಿಯಾಚೆ ನೋಡಿದಳು. ಅರವತ್ತೈದು ವರ್ಷ ಹಿಂದಿನ ಮದುವಣಗಿತ್ತಿಯ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬಲೇ ಚಂದಾಗೈತೆ ಕಣ್ಲಾ ಎಸ್ರು" ಎಂದಳು.