ಮೂರನೇ ಗೇರು

ಕಳೆದ ವಾರ ಶಿರಸಿಯಲ್ಲಿ ಸ್ಕೂಟರ್ ರಿಪೇರಿಗೆ ಕೊಟ್ಟು ಕಾಯುತ್ತ ಕೂತಿದ್ದೆ. ಪಕ್ಕದ ಶೆಡ್ಡಿನಲ್ಲಿ ಯಾರೋ ಲಾರಿಯೊಂದರ ಅಡಿ ಮಲಗಿ ಹಳೆಯ ಗೇರ್ ಆಯಿಲ್ ಇಳಿಸುತ್ತಿದ್ದರು. ಕಪ್ಪಗೆ, ಮಂದವಾಗಿ ಅದು ಡಬ್ಬಕ್ಕೆ ಬೀಳುತ್ತಿತ್ತು. ಸುಟ್ಟ ಬೆಳ್ಳುಳ್ಳಿಯ ಹಾಗೆ, ಗಂಧಕದ ಹಾಗೆ ಒಂದು ಘಾಟು. ಮೂಗಿಗೆ ಬಡಿದದ್ದೇ ನಾನು ಎದ್ದು ರಸ್ತೆಗೆ ಬಂದುಬಿಟ್ಟೆ.

ನಮ್ಮ ಪಕ್ಕದ ಮನೆಯ ಅಕ್ಕನ ಬೇಲಿಯ ಮೇಲೆ ಇದೇ ವಾಸನೆ ಇರುತ್ತಿತ್ತು. ಭಾವನ ಖಾಕಿ ಅಂಗಿಗಳನ್ನು ಅವಳು ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಅಕ್ಕ, ಭಾವ ಎಂದರೆ ರಕ್ತಸಂಬಂಧವೇನಲ್ಲ. ಸಿದ್ದಾಪುರದ ನಮ್ಮ ಓಣಿಗೆ ನಾನು ಮದುವೆಯಾಗಿ ಬಂದಾಗ ಮೊದಲು ಮಾತಾಡಿಸಿದವಳು ಅವಳು. ಅಂದಿನಿಂದ ಅಕ್ಕ. ಮಕ್ಕಳಿರಲಿಲ್ಲ ಅವರಿಗೆ. ಇದ್ದದ್ದು ಒಂದು ಹಳೇ ಲಾರಿ. ಅದಕ್ಕೆ ಭಾವನೇ ಮಾಲೀಕ, ಭಾವನೇ ಡ್ರೈವರ್. ಯಲ್ಲಾಪುರದ ಮರದ ಡಿಪೋದಿಂದ ನಾಟಾ, ಅಂದರೆ ದಿಮ್ಮಿಗಳನ್ನು, ತುಂಬಿಕೊಂಡು ಘಟ್ಟ ಇಳಿದು ಕರಾವಳಿಗೆ ಹೋಗುವುದು, ಬರುವಾಗ ಮನೆ ಕಟ್ಟುವ ಚಿರೆಕಲ್ಲು ಹೇರಿಕೊಂಡು ಬರುವುದು.

ಅಕ್ಕ ಗಟ್ಟಿ ಹೆಂಗಸು. ಓಣಿಯಲ್ಲಿ ಯಾರಿಗೆ ಏನು ಗೊಂದಲವಿದ್ದರೂ ಅವಳ ಜಗಲಿಗೆ ಬರುತ್ತಿದ್ದರು. ಮಗಳಿಗೆ ಬಂದ ಸಂಬಂಧ ಒಪ್ಪುವುದೋ ಬಿಡುವುದೋ, ಆಕಳನ್ನು ಕೊಡುವುದೋ ಇಟ್ಟುಕೊಳ್ಳುವುದೋ... ಅವಳು ಒಂದು ಕ್ಷಣ ಯೋಚಿಸಿ ಹೇಳಿಬಿಡುತ್ತಿದ್ದಳು. ಹೇಳಿದ ಮೇಲೆ ಆ ಮಾತನ್ನು ಮತ್ತೆ ತಿರುವಿ ನೋಡುತ್ತಿರಲಿಲ್ಲ. ನನಗೆ ಅವಳ ಮೇಲೆ ಪ್ರೀತಿಯ ಜೊತೆ ಸಣ್ಣ ಹೊಟ್ಟೆಕಿಚ್ಚೂ ಇತ್ತು.

ಒಂದು ಚಳಿಗಾಲದ ಬೆಳಿಗ್ಗೆ ನಾವಿಬ್ಬರೂ ಬೇಲಿಯ ಬಳಿ ನಿಂತಿದ್ದಾಗ ಭಾವನ ಲಾರಿ ತಿರುವಿನಾಚೆ ಕೇಳಿಸಿತು. ಅಕ್ಕ ಮಾತು ನಿಲ್ಲಿಸಿದಳು.

“ಕೇಳ್ತಾ ನಿಂಗೆ? ಅಳ್ತಾ ಇದ್ದು.”

ನನಗೆ ಬರೀ ಲಾರಿಯ ಸದ್ದು ಕೇಳಿಸಿತ್ತು. ಆಮೇಲೆ ಕಿವಿಗೊಟ್ಟರೆ, ಇಂಜಿನ್ನಿನ ಗುಡುಗಿನ ಒಳಗೆ ಸಣ್ಣದಾಗಿ, ಎಳೆದೆಳೆದು, ಯಾರೋ ಮುಚ್ಚಿದ ಕೋಣೆಯೊಳಗೆ ಅತ್ತ ಹಾಗೆ ಒಂದು ಸ್ವರವಿತ್ತು. ಒಮ್ಮೆ ಕೇಳಿದ ಮೇಲೆ ಅದನ್ನು ಕೇಳದೇ ಇರಲು ನನ್ನಿಂದಲೂ ಆಗಲಿಲ್ಲ.

ಗೇರ್ ಬಾಕ್ಸ್ ಸವೆದಿತ್ತು. ಇಳಿಜಾರಿನಲ್ಲಿ ಮೂರನೇ ಗೇರು ತನ್ನಷ್ಟಕ್ಕೆ ಹಾರಿ ಹೊರಬರುತ್ತಿತ್ತು. ಗೇರು ಬಿಟ್ಟರೆ ಇಂಜಿನ್ನಿನ ಹಿಡಿತವೂ ಬಿಟ್ಟಂತೆ. ಹೇರು ತುಂಬಿದ ಗಾಡಿಯನ್ನು ಆಮೇಲೆ ಬ್ರೇಕ್ ಒಂದೇ ತಡೆಯಬೇಕು. ಭಾವ ಹಳೇ ಸೈಕಲ್ ಟ್ಯೂಬನ್ನು ಸೀಳಿ, ಗೇರ್ ಕೋಲಿಗೆ ಸಿಕ್ಕಿಸಿ, ಸೀಟಿನ ಕಂಬಿಗೆ ಬಿಗಿದು ಕಟ್ಟಿಕೊಂಡು ಘಟ್ಟ ಇಳಿಯುತ್ತಿದ್ದ. ಇದನ್ನು ಅಕ್ಕ ಕಂಡುಹಿಡಿದದ್ದು ಕ್ಯಾಬಿನ್ ಗುಡಿಸಲು ಹತ್ತಿದಾಗ.

“ಲಾರಿ ಅಂದ್ಮೇಲೆ ಸದ್ದು ಮಾಡದೇ ಇರ್ತಾ? ರಿಪೇರಿ ಮಾಡಿಸ್ತೆ, ಅಡ್ಡಿಲ್ಲೆ” ಎಂದ ಭಾವ.

“ರಿಪೇರಿ ಎಲ್ಲ ಸಾಕು. ಕಟ್ಟಿ ಹಾಕ್ಕಂಡು ಓಡ್ಸೂದು ಎಂತ ಓಡ್ಸೂದು? ಪೂರ್ತಿ ಬದ್ಲು ಮಾಡ್ಸಿ” ಎಂದಳು ಅಕ್ಕ.

ಭಾವನಿಗೆ ಆ ಗೇರ್ ಬಾಕ್ಸಿನ ಮೇಲೆ ವಿಚಿತ್ರ ಮೋಹ. ಅದರ ಗುಣ ತನ್ನ ಕೈಗೆ ಗೊತ್ತು, ಬೇರೆಯದು ಬಂದರೆ ಕೈಗೆ ಒಗ್ಗುವುದಿಲ್ಲ ಎನ್ನುತ್ತಿದ್ದ. ಆದರೆ ಅಕ್ಕ ಬಿಡಲಿಲ್ಲ. ವಾರಗಟ್ಟಲೆ ಅದೇ ಮಾತು. ಕೊನೆಗೆ ಅವನು ಸೋತು, “ಆತು, ಬದ್ಲು ಮಾಡ್ಸನ” ಎಂದ. ಅಷ್ಟು ಹಳೆಯ ಮಾದರಿಗೆ ಹೊಸ ಗೇರ್ ಬಾಕ್ಸ್ ಬರುತ್ತಿರಲಿಲ್ಲ. ಬಿಚ್ಚಿದ ಲಾರಿಯದೇ ಸಿಗಬೇಕು. ಶಿರಸಿಯ ಗ್ಯಾರೇಜೊಂದರಲ್ಲಿ ಇದೆಯಂತೆ ಎಂದು ಗೊತ್ತಾದಾಗ ಅಕ್ಕ ತಾನೂ ನೋಡಬೇಕೆಂದು ಹೊರಟಳು. ನನ್ನನ್ನೂ ಕರೆದಳು.

ಮೆಕ್ಯಾನಿಕ್ ಹಾವೇರಿ ಕಡೆಯವನು. ಭಾವನ ಲಾರಿಯನ್ನು ಒಂದು ಸುತ್ತು ಓಡಿಸಿ ಬಂದು ಇಳಿದ.

“ರಿಪೇರಿ ಮಾಡಿ ಕೊಡ್ತೀನ್ರಿ, ಬೇರಿಂಗ್ ಹೊಸಾವು ಹಾಕ್ತೀನಿ. ಆದ್ರ ಹಲ್ಲು ಸವದಾವು. ಮತ್ತ ಯಾವಾಗ ಕೈ ಕೊಡ್ತೈತಿ ಹೇಳಾಕ ಬರಂಗಿಲ್ಲ. ಬದಲಿ ಹಾಕೋದ ಚಲೋ. ಬರ್ರಿ, ತೋರಸ್ತೀನಿ.”

ಗ್ಯಾರೇಜಿನ ಹಿತ್ತಲಲ್ಲಿ, ಲಾಂಟಾನದ ಪೊದೆಗೆ ಒರಗಿಕೊಂಡು ಒಂದು ಲಾರಿ ನಿಂತಿತ್ತು. ನಿಂತಿತ್ತು ಎನ್ನುವುದೂ ತಪ್ಪು... ಅದರ ಕ್ಯಾಬಿನ್ ಮೇಲಿನಿಂದ ಜಜ್ಜಿಹೋಗಿ ಬಾನೆಟ್ಟಿನ ಮಟ್ಟಕ್ಕೆ ಕೂತಿತ್ತು. ಮುಂದಿನ ಗಾಜು ಇರಲಿಲ್ಲ. ಮಧ್ಯಾಹ್ನದ ಬಿಸಿಲಿದ್ದರೂ ಒಳಗೆ ಕತ್ತಲು. ಗೇರ್ ಬಾಕ್ಸ್ ಚೆನ್ನಾಗಿದೆ, ಕೆಳಭಾಗಕ್ಕೆ ಏನೂ ಆಗಿಲ್ಲ ಎಂದು ಮೆಕ್ಯಾನಿಕ್ ಭಾವನಿಗೆ ತೋರಿಸುತ್ತಿದ್ದ. ಭಾವ ಬಗ್ಗಿ ನೋಡಿ ತಲೆಯಾಡಿಸಿದ. ಅವನಿಗೆ ಒಪ್ಪಿಗೆಯಾಗಿತ್ತು.

ಅಕ್ಕ ಕ್ಯಾಬಿನ್ನಿನ ಬಾಗಿಲ ಸಂದಿಯಿಂದ ಒಳಗೆ ನೋಡುತ್ತಿದ್ದಳು. ನಾನೂ ಇಣುಕಿದೆ. ಕ್ಲಚ್ಚಿನ ಪಕ್ಕ ಒಂದು ಚಪ್ಪಲಿ ಬಿದ್ದಿತ್ತು. ಒಂದೇ. ಹಿಮ್ಮಡಿಯ ಕಡೆ ಸವೆದ ಗಂಡಸರ ಚಪ್ಪಲಿ.

“ಈ ಗಾಡಿ ಡ್ರೈವರ್ ಎಂತ ಆದ?” ಎಂದಳು.

“ಅದು ನಮಗ ಗೊತ್ತಿಲ್ರಿ ಅಕ್ಕಾರೆ. ಗಾಡಿ ಹಿಂಗ ಬಂತು, ತಗೊಂಡ್ವಿ.”

ಅಕ್ಕ ಹಿಂದೆ ಸರಿದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಏನೂ ಮುಟ್ಟದಿದ್ದರೂ. “ಬ್ಯಾಡ. ಇದು ಬ್ಯಾಡ.”

ಭಾವ ನಕ್ಕ. “ನೀನೇ ಅಲ್ದನೇ ಬದ್ಲು ಮಾಡ್ಸಿ ಹೇಳಿ ಕುಣಿದವಳು? ಕಬ್ಬಿಣಕ್ಕೆ ಎಂತ ಗೊತ್ತಿರ್ತು?”

“ಅದು ಎಂತ ನೋಡಿದ್ದು ಹೇಳಿ ನಂಗೂ ಗೊತ್ತಿಲ್ಲೆ, ನಿಂಗಕ್ಕೂ ಗೊತ್ತಿಲ್ಲೆ. ಇರೂದನ್ನೇ ರಿಪೇರಿ ಮಾಡ್ಸಿ. ಬೇರೆ ಸಿಗೂವರೆಗೆ ಅದೇ ಸಾಕು.”

ಅವಳ ದನಿಯಲ್ಲಿ ಯಾವಾಗಿನ ಖಚಿತತೆಯೇ ಇತ್ತು. ಭಾವ ಒಂದೆರಡು ಮಾತು ವಾದಿಸಿ ಸುಮ್ಮನಾದ. ಅವನಿಗೂ ಹಳೆಯದರ ಮೇಲೆ ಮನಸ್ಸಿತ್ತಲ್ಲ. ಗೇರ್ ಬಾಕ್ಸನ್ನು ಬಿಚ್ಚಿ, ರಿಪೇರಿ ಮಾಡಿ, ಅದನ್ನೇ ಮತ್ತೆ ಕೂರಿಸಿದರು.

ಲಾರಿ ಮನೆಗೆ ಬಂದ ದಿನ ಅಳು ನಿಂತಿತ್ತು. ಅಕ್ಕ ಪಾಯಸ ಮಾಡಿ ನನಗೂ ಕಳಿಸಿದಳು. ಅದಾದ ಮೇಲೆ ಅವಳು ತಿರುವಿನ ಕಡೆ ಕಿವಿಯಿಟ್ಟು ನಿಲ್ಲುವುದನ್ನು ಬಿಟ್ಟಳು. ಆದರೆ ನನಗೆ ಆ ನಿಶ್ಶಬ್ದ ಹಿತವೆನಿಸಲಿಲ್ಲ. ಲಾರಿ ಬಂದಾಗಲೆಲ್ಲ, ಇವತ್ತೂ ಇಲ್ಲ, ಇವತ್ತೂ ಇಲ್ಲ ಎಂದುಕೊಳ್ಳುತ್ತಿದ್ದೆ. ಕಾಡಿನಲ್ಲಿ ಎಲೆ ಉದುರಿ ಮುಗಿದು, ಬಿಸಿಲು ಕಾಯತೊಡಗಿದ ದಿನಗಳು. ಒಂದು ಸಂಜೆ ನಾನು ಬಟ್ಟೆ ತೆಗೆಯುತ್ತಿದ್ದೆ. ಲಾರಿ ತಿರುವು ದಾಟಿತು. ಎಳೆಯಷ್ಟು ತೆಳ್ಳಗೆ ಆ ಸ್ವರ ಇತ್ತು. ಬೇಲಿಯಾಚೆ ನೋಡಿದರೆ ಅಕ್ಕ ಅಂಗಳದ ನಡುವೆ, ಅರ್ಧ ಗುಡಿಸಿದಲ್ಲೇ ನಿಂತಿದ್ದಳು.

ಆ ರಾತ್ರಿ ಅವರ ಮನೆಯಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಬೆಳಿಗ್ಗೆ ಅಕ್ಕನೇ ಹೇಳಿದಳು: ಹುಬ್ಬಳ್ಳಿಯಲ್ಲಿ ಬೇರೊಂದು ಗೇರ್ ಬಾಕ್ಸ್ ಇದೆಯಂತೆ, ಒಪ್ಪಿಕೊಂಡ ಹೇರೊಂದನ್ನು ಇಳಿಸಿ ಬಂದು ಅದನ್ನು ನೋಡಲು ಹೋಗುತ್ತಾನಂತೆ. ಭಾವ ಆಗಲೇ ಯಲ್ಲಾಪುರಕ್ಕೆ ಹೊರಟುಹೋಗಿದ್ದ.

ಮಧ್ಯಾಹ್ನ ಘಟ್ಟದಲ್ಲಿ ಗೇರು ಹಾರಿತು. ಮತ್ತೆ ಕೂರಲಿಲ್ಲ. ಮೇಲೆ ಬರುತ್ತಿದ್ದ ಬಸ್ಸಿನ ಡ್ರೈವರ್ ಆಮೇಲೆ ಹೇಳಿದ ಪ್ರಕಾರ, ಎರಡು ತಿರುವು ಮೇಲಿನಿಂದಲೇ ಹಾರ್ನು ಕೇಳುತ್ತಿತ್ತಂತೆ. ಬಿಡದೆ, ಒಂದೇ ಸಮನೆ. ಏನೋ ಆಗಿದೆ ಎಂದು ಅವನು ಬಸ್ಸನ್ನು ಬದಿಗೆ ಒತ್ತಿ ನಿಲ್ಲಿಸಿದ್ದನಂತೆ. ಭಾವ ಕಂದಕದ ಕಡೆ ಹೋಗದೆ, ಬಸ್ಸಿಗೂ ತಾಗಿಸದೆ ಲಾರಿಯನ್ನು ಗುಡ್ಡದ ಗೋಡೆಗೆ ಗುದ್ದಿಸಿದ್ದ. ಲಾರಿ ನಿಂತಿತು. ಹಿಂದಿದ್ದ ನಾಟಾ ನಿಲ್ಲಲಿಲ್ಲ. ಸರಪಳಿ ಹರಿದು ಕ್ಯಾಬಿನ್ನನ್ನು ಹೊಕ್ಕಿತ್ತು...

ಬಸ್ಸಿನಲ್ಲಿದ್ದವರೆಲ್ಲ ಉಳಿದರು.

ಭಾವನ ಸಾವಿನ ದಿನಕಾರ್ಯ ನಡೆಯುತ್ತಿದ್ದಾಗ ಸುತ್ತಲಿನ ಲಾರಿ ಡ್ರೈವರುಗಳು ಮಾತಾಡಿಸಲು ಬರುತ್ತಿದ್ದರು. ಒಬ್ಬ ಎಕ್ಕಂಬಿಯವನು, ದಪ್ಪ ಮೀಸೆಯವನು, ಜಗಲಿಯಲ್ಲಿ ಕೂತು ನನ್ನ ಗಂಡನ ಹತ್ತಿರ ಹೇಳುತ್ತಿದ್ದ.

“ಯಾರ ಹಣೇಲಿ ಎಂತ ಬರ್ದಿರ್ತದೋ. ನಂದೇ ನೋಡಿ. ಊಟಕ್ಕೆ ಅಂತ ಗಾಡಿ ನಿಲ್ಸಿ ಹೋಗಿದ್ದೆ. ಕೈ ತೊಳೀತಾ ಇದ್ದೆ, ಧಡಾರ್ ಅಂತ ಮರ ಬಿತ್ತು ಕ್ಯಾಬಿನ್ ಮೇಲೆ. ನಂಗೆ ಒಂದು ಗೀರೂ ಆಗ್ಲಿಲ್ಲ. ಗಾಡಿ ಶಿರಸಿ ಗ್ಯಾರೇಜಲ್ಲಿ ಈಗ್ಲೂ ಬಿದ್ಕಂಡದೆ.”

ಅಕ್ಕ ಬಾಗಿಲ ಒಳಗೆ ನನ್ನ ಪಕ್ಕ ಕೂತಿದ್ದಳು. ಅಷ್ಟು ದಿನದಲ್ಲಿ ಮೊದಲ ಬಾರಿ ಎದ್ದು ಹೊರಬಂದಳು.

“ಕ್ಲಚ್ಚಿನ ಹತ್ರ ಒಂದು ಚಪ್ಪಲಿ ಇತ್ತು. ಅದು ನಿಮ್ದಾ?”

ಅವನು ಗಲಿಬಿಲಿಗೊಂಡ. “ಚಪ್ಪಲಿಯಾ... ಹೌದಮ್ಮ. ಒಂದರ ಉಂಗುಷ್ಠ ಕಿತ್ತೋಗಿತ್ತು, ಅದನ್ನ ಎಲ್ಲೋ ಬಿಸಾಕಿದ್ದೆ. ಇನ್ನೊಂದು ಅಲ್ಲೇ ಉಳೀತು. ಯಾಕೆ?”

ಅಕ್ಕ ಒಳಗೆ ಹೋದಳು. ಅವನಿಗೆ ನೀರು ತಂದುಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತು ಖಾಲಿ ಲೋಟ ಇಸಿದುಕೊಂಡಳು. ಅದನ್ನು ನೋಡಿ ನನಗೆ ಭಯವಾಯಿತು.

ಆಮೇಲೆ ಅವಳು ಅಳುವುದನ್ನು ನಾನು ಕಂಡಿಲ್ಲ. ಆದರೆ ಯಾವುದನ್ನೂ ನಿರ್ಧರಿಸುವುದನ್ನು ಬಿಟ್ಟಳು. ತರಕಾರಿಯವನು ಬದನೆಯೋ ಬೆಂಡೆಯೋ ಎಂದರೆ ನನ್ನ ಮುಖ ನೋಡುತ್ತಿದ್ದಳು. “ನೀ ಹೇಳು.” ಬಾಗಿಲು ಹಾಕಲೋ ತೆಗೆದಿಡಲೋ, ಅನ್ನಕ್ಕೆ ಈಗ ಇಡಲೋ ಆಮೇಲೆಯೋ... “ನೀ ಹೇಳು.” ಓಣಿಯವರು ಮೊದಮೊದಲು ಹಳೆಯ ಅಭ್ಯಾಸದಂತೆ ಅವಳ ಜಗಲಿಗೆ ಬಂದರು. ಅವಳು ಎದ್ದು ಒಳಗೆ ಹೋಗುತ್ತಿದ್ದಳು. ನಿಧಾನಕ್ಕೆ ಬರುವುದನ್ನು ನಿಲ್ಲಿಸಿದರು. ಒಂದು ಬೆಳಿಗ್ಗೆ ಹೆಗಡೆಕಟ್ಟಾದ ಅವಳ ತಂಗಿ ಬಂದು, “ನಮ್ಮನೆಗೆ ಬಾ” ಎಂದಳು. ಅಕ್ಕ ಎದ್ದು ಹೊರಟೇಬಿಟ್ಟಳು.

ಹೋದ ವರ್ಷ ಅವಳು ತೀರಿಕೊಂಡಳು. ಸುದ್ದಿ ಸಿಕ್ಕಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ನನ್ನ ಕೈಹಿಡಿದು, ಡಾಕ್ಟರು ಆಪರೇಷನ್ ಬೇಕೋ ಮಾತ್ರೆ ಸಾಕೋ ಎಂದು ಕೇಳಿದಾಗಲೂ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು ಎಂದಳು. ತಾನೇ ಹೇಳಬೇಕಾಯಿತಂತೆ. ಏನು ಹೇಳಿದೆ ಎಂದು ನಾನು ಕೇಳಲಿಲ್ಲ.

ಈಗ ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಗಂಡ ಹೆಂಡತಿ, ಒಳ್ಳೆಯ ಜನ. ನಿನ್ನೆ ಆ ಹೆಂಗಸು ಅಂಗಳದಿಂದ ಕರೆದು, ಮನೆಯ ಮೇಲೆ ವಾಲಿರುವ ಹಲಸಿನ ಮರ ತೋರಿಸಿದಳು. ಬುಡಕ್ಕೆ ಹುಳ ಬಿದ್ದಿದೆಯಂತೆ. ಮದ್ದು ಹಾಕಿ ಉಳಿಸುವುದೋ, ಕಡಿಸಿಬಿಡುವುದೋ ಎಂದು ಕೇಳಿದಳು.

ನಾನು ಬೇಲಿಯ ಬಳಿ ಹೋದೆ. ಮರವನ್ನು ನೋಡುತ್ತ ನಿಂತೆ. ಅವಳು ಕಾಯುತ್ತಿದ್ದಳು.